ಅಂಜನಮೂರ್ತಿಯ ಸರ್ಕ್ಯೂಟು ಪಿನ್ ಆಯಿತು

ಆ ಭಾನುವಾರ ಬೆಳಿಗ್ಗೆ ಅಂಜನಮೂರ್ತಿಗೆ ಸಂತೋಷದಲ್ಲಿ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ರಾಮಮೂರ್ತಿ ನಗರದಲ್ಲಿ ಚಿಕ್ಕಮುನಿಯಮ್ಮನ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದುಕೊಂಡು ಯುಪಿಎಸ್ ರಿಪೇರಿ ಮಾಡುವ ಈ ಮನುಷ್ಯ, ಟ್ಯಾಂಕು ತುಂಬಿದೊಡನೆ ನೀರಿನ ಮೋಟಾರು ತಾನೇ ನಿಲ್ಲುವಂಥ ಒಂದು ಸರ್ಕ್ಯೂಟು ಕಟ್ಟಿ, ಹಳೇ ಟಿಫಿನ್ ಡಬ್ಬಿಯೊಳಗೆ ಕೂರಿಸಿ, ಮೆಟ್ಟಿಲ ಕೆಳಗಿನ ಗೋಡೆಗೆ ಬಡಿದಿದ್ದ. ಅದರ ಫೋಟೋವನ್ನು ಎಲೆಕ್ಟ್ರಾನಿಕ್ಸ್ ಹುಚ್ಚರ ಆನ್‌ಲೈನ್ ಗುಂಪಿಗೆ ಹಾಕಿದ್ದೇ ತಡ, ಗುಂಪಿನ ಅಡ್ಮಿನ್, ಕುಕ್ ಟೌನಿನ ನಂದಿತಾ ಮೇಡಂ, ಖುದ್ದು ಉತ್ತರ ಬರೆದಿದ್ದರು.

"ಐಡಿಯಾ ಚೆನ್ನಾಗಿದೆ. ಸರ್ಕ್ಯೂಟ್ ಡಯಾಗ್ರಮ್ ಬೇಕು. ಕೈಯಲ್ಲಿ ಗೀಚಿದ್ದು ಬೇಡ. ಸಾಫ್ಟ್‌ವೇರ್‌ನಲ್ಲಿ ಬರೆದು ಸಂಜೆಯೊಳಗೆ ಲಿಂಕ್ ಹಾಕಿ. ಪಿನ್ ಮಾಡ್ತೀನಿ."

ಪಿನ್! ಅಂದರೆ ಗುಂಪನ್ನು ಯಾರೇ ತೆರೆಯಲಿ, ಎಲ್ಲಕ್ಕಿಂತ ಮೇಲೆ ಅವನ ಸರ್ಕ್ಯೂಟು, ಅವನ ಹೆಸರು. ಶಾಲೆಯ ಹಾಜರಿ ಕೂಗುವಾಗ ಬಿಟ್ಟರೆ ಅಂಜನಮೂರ್ತಿಯ ಹೆಸರು ಎಲ್ಲೂ ಮೊದಲು ಬಂದದ್ದಿಲ್ಲ. ಅದೂ ಅಕ್ಷರಮಾಲೆಯ ದಯೆಯಿಂದ.

"ಯಾವ ಸಾಫ್ಟ್‌ವೇರೇ ಆಗ್ಲಿ, ಫ್ರೀ ಇರೋದು ನೋಡ್ಕೊಳ್ಳಿ" ಎಂದಳು ಹೆಂಡತಿ ಹೇಮಶ್ರೀ, ದೋಸೆ ಮಗುಚುತ್ತಾ.

ಅವನು ಶಿವಾಜಿನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ವಾಜಿದ್‌ಗೆ ಫೋನ್ ಮಾಡಿದ. "ಅರೆ ಮೂರ್ತಿ ಭಾಯ್, ಇಷ್ಟಕ್ಕೆ ಟೆನ್ಶನ್ನಾ? ದೊಡ್ಡ ದೊಡ್ಡ ಇಂಜಿನಿಯರ್‌ಗಳು ಯೂಸ್ ಮಾಡೋದು ಒಂದಿದೆ. ಫುಲ್ ಫ್ರೀ. ನಾನೇ ಬರ್ತೀನಿ" ಎಂದ ವಾಜಿದ್, ಹೇಳಿದಂತೆ ಬಂದೂ ಬಿಟ್ಟ.

ಅದು ಡೌನ್‌ಲೋಡ್ ಆಗುವಷ್ಟರಲ್ಲಿ ಇಬ್ಬರೂ ಎರಡೆರಡು ಸಲ ಟೀ ಕುಡಿದರು. ಕೊನೆಗೆ ತೆರೆದುಕೊಂಡಾಗ ಅದರೊಳಗೆ ಏನುಂಟು ಏನಿಲ್ಲ! ಒಗ್ಗರಣೆ ಸೌಟು ಕೇಳಿದವನ ಮುಂದೆ ಮದುವೆ ಛತ್ರದ ಕೊಪ್ಪರಿಗೆ ಇಳಿಸಿದಂತಾಯಿತು. ಒಂದು ಗೆರೆ ಎಳೆಯುವುದರೊಳಗೆ ಅಂಜನಮೂರ್ತಿಯ ಮುದಿ ಲ್ಯಾಪ್‌ಟಾಪು ಏದುಸಿರು ಬಿಟ್ಟು ಆರಿಹೋಯಿತು.

"ಆನ್‌ಲೈನಲ್ಲೇ ಬರೆಯೋದು ಇರತ್ತೆ, ಅದು ಮಾಡು" ಎಂದ ವಾಜಿದ್, ತಾನೇ ಆ ಕೊಪ್ಪರಿಗೆ ತಂದವನೆಂಬುದನ್ನು ಮರೆತು.

ಲ್ಯಾಪ್‌ಟಾಪನ್ನು ಮತ್ತೆ ಎಬ್ಬಿಸಿ ತೆರೆದ ಎರಡನೆಯದು ಹೂವಿನಂತಿತ್ತು. ಎಳೆದರೆ ಬರುತ್ತದೆ, ಇಟ್ಟಲ್ಲಿ ಕೂರುತ್ತದೆ. ಮೈಮರೆತು ಮುಕ್ಕಾಲು ಚಿತ್ರ ಬರೆದ ಅಂಜನಮೂರ್ತಿ, ಸೇವ್ ಒತ್ತಿದ. ದುಡ್ಡು ಕಟ್ಟಿ ಎಂದಿತು.

"ಊಟ ಫ್ರೀ ಅಂತ ಎಲೆ ಹಾಕಿ ಕೂರ್ಸಿ, ಕೈ ತೊಳಿಯೋಕೆ ಕಾಸು ಕೇಳೋದಾ ಇದು?" ಎಂದು ಅವನು ಲ್ಯಾಪ್‌ಟಾಪಿಗೇ ಬೈದ. ಬೈದು ಪ್ರಯೋಜನವಿರಲಿಲ್ಲ. ಮಧ್ಯಾಹ್ನವಾಗುತ್ತಾ ಬಂದಿತ್ತು. ಅಂಗಡಿ ನೆನಪಾಗಿ ವಾಜಿದ್ ಹೊರಟುಹೋದ.

ಮೂರನೆಯದನ್ನು ಹುಡುಕಿ ಕೊಟ್ಟವಳು ಹೇಮಶ್ರೀ. ಅದೂ ಫೋನಿನಲ್ಲಿ, ಸಾರಿಗೆ ಹುಣಸೆಹಣ್ಣು ಕಿವುಚಿದ ಕೈಯಲ್ಲೇ. ಬರೆಯುವುದು ಫ್ರೀ, ಸೇವ್ ಮಾಡುವುದೂ ಫ್ರೀ, ಲಿಂಕ್ ಕಳಿಸಿದರೆ ಯಾರು ಬೇಕಾದರೂ ನೋಡಬಹುದು. ಅಂಜನಮೂರ್ತಿಗೆ ಕುಣಿಯುವಂತಾಯಿತು. ಆದರೆ ಒಂದು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ನೆನಪಾಗಲಿಲ್ಲ. ಕಟ್ಟಿದವನು ತಾನೇ, ಆದರೂ ನೆನಪಿಲ್ಲ! ಕೆಳಗೋಡಿ ಡಬ್ಬಿಯನ್ನೇ ಗೋಡೆಯಿಂದ ಕಿತ್ತು, ಮೋಟಾರನ್ನು ಸ್ವಿಚ್ಚಿಗೆ ನೇರವಾಗಿ ಸಿಕ್ಕಿಸಿ, ಮೇಲೆ ತಂದು ನೋಡಿ ನೋಡಿ ಬರೆದ.

ಚಿತ್ರ ಮುಗಿಯುವುದಕ್ಕೂ ಕಿಟಕಿಯಾಚೆ ಜಲಪಾತ ಸುರಿಯುವುದಕ್ಕೂ ಸರಿಹೋಯಿತು. ಡಬ್ಬಿ ಇದೆಯೆಂದೇ ನಂಬಿ ಚಿಕ್ಕಮುನಿಯಮ್ಮ ಮೋಟಾರು ಹಾಕಿ ಮರೆತಿದ್ದಳು. ಟ್ಯಾಂಕು ತುಂಬಿ ಹರಿದ ನೀರು, ಕೆಳಮನೆಯ ಮುತ್ತುರಾಜ್ ಅವರು ಇಸ್ತ್ರಿಗೆಂದು ಒಣಹಾಕಿದ್ದ ಬಿಳಿ ಶರಟುಗಳ ಮೇಲೆ ಬಿತ್ತು. ವಿಮಾನಪುರದ ಕಾರ್ಖಾನೆಯಲ್ಲಿ ಡ್ರಾಯಿಂಗ್ ವಿಭಾಗದಿಂದ ರಿಟೈರಾದ ಮುತ್ತುರಾಜ್ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಚಿಕ್ಕಮುನಿಯಮ್ಮ.

"ಏನ್ರೀ ಮೂರ್ತಿ, ಇದೇನ್ರೀ ನಿಮ್ಮ ಆಟೋಮ್ಯಾಟಿಕ್ಕು?" ಎಂದರು ಮುತ್ತುರಾಜ್.

"ಯಾಕಪ್ಪಾ, ನನ್ ಡಬ್ಬೀನ ಯಾಕ್ ಕಿತ್ಕೊಂಡ್ ಬಂದೆ? ನೀರೆಲ್ಲಾ ರೋಡ್ ಪಾಲಾಯ್ತಲ್ಲ!"

ಅಂಜನಮೂರ್ತಿ ಕೈಮುಗಿದು ಸಂಗತಿ ಹೇಳಿದ. ಲ್ಯಾಪ್‌ಟಾಪು ತಿರುಗಿಸಿ ತೋರಿಸಿದ. ಪಿನ್ ಎಂದರೇನೆಂದು ವಿವರಿಸಿದ. ತಮ್ಮ ಕಟ್ಟಡದ ಮೋಟಾರು ಊರಿಗೆಲ್ಲ ಗೊತ್ತಾಗುತ್ತದೆಂದು ತಿಳಿದದ್ದೇ ಚಿಕ್ಕಮುನಿಯಮ್ಮನ ಮುಖ ಅರಳಿತು. ಮುತ್ತುರಾಜ್ ಕನ್ನಡಕ ಏರಿಸಿಕೊಂಡರು.

"ನಮಗೂ ಕಳ್ಸು, ಸಮಾಧಾನವಾಗಿ ನೋಡ್ತೀವಿ" ಎಂದಳು ಚಿಕ್ಕಮುನಿಯಮ್ಮ.

ಲಿಂಕ್ ಕಳಿಸುವಾಗ ಸಾಫ್ಟ್‌ವೇರು ಒಂದು ಪ್ರಶ್ನೆ ಕೇಳಿತು. ಬಂದವರು ಬರೀ ನೋಡಬಹುದೋ, ತಿದ್ದಲೂಬಹುದೋ? ಅಂಜನಮೂರ್ತಿ 'ಬರೀ ನೋಡಬಹುದು' ಒತ್ತಲು ಹೊರಟು ತಡೆದ. ಶರಟು ಒದ್ದೆ ಮಾಡಿಸಿಕೊಂಡ ಹಿರಿಯರು, ಮನೆ ಕೊಟ್ಟ ತಾಯಿ. ಬಾಗಿಲಿಗೆ ಬಂದವರಿಗೆ 'ಬರೀ ನೋಡಿಕೊಂಡು ಹೋಗಿ' ಎನ್ನುವುದುಂಟೇ? ಮರ್ಯಾದೆಗೆ ಕಮ್ಮಿಯಾಗಬಾರದೆಂದು 'ತಿದ್ದಲೂಬಹುದು' ಎಂಬ ದೊಡ್ಡದನ್ನೇ ಒತ್ತಿ, ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದ. ವಾಜಿದ್‌ಗೂ ಕಳಿಸಿದ. ಅದೇ ಲಿಂಕನ್ನು ನಂದಿತಾ ಮೇಡಂ ಗುಂಪಿಗೂ ಹಾಕಿ, ನಿರಾಳವಾಗಿ ಉಂಡು, ಗೊರಕೆ ಹೊಡೆದ.

ಸಂಜೆ ಅವನನ್ನು ಎಬ್ಬಿಸಿದ್ದು ವಾಜಿದ್‌ನ ಫೋನು. "ಮೂರ್ತಿ ಭಾಯ್! ಪಿನ್ ಆಗ್ಬಿಟ್ಟೈತೆ! ಎಲ್ರಿಗಿಂತ ಮೇಲೆ ನಿನ್ ಹೆಸ್ರು! ಮುಬಾರಕ್!"

ಅಂಜನಮೂರ್ತಿ ಹಾಸಿಗೆಯಿಂದ ಹಾರಿದ. ಹೇಮಶ್ರೀ ಕಿರುಚಿದಳು. ಕಿರುಚಿದ್ದು ಕೇಳಿ ಮುತ್ತುರಾಜ್ ಬಂದರು, ಚಿಕ್ಕಮುನಿಯಮ್ಮ ಬೀದಿ ಮೂಲೆಯ ಬೇಕರಿಯಿಂದ ಮೈಸೂರುಪಾಕು ತರಿಸಿಯೇಬಿಟ್ಟಳು. ಬದುಕಿನಲ್ಲಿ ಮೊದಲ ಸಲ ಇಡೀ ಕಟ್ಟಡ ತನಗಾಗಿ ಮೆಟ್ಟಿಲು ಹತ್ತಿದ್ದನ್ನು ಕಂಡು ಅವನ ಕಣ್ಣಲ್ಲಿ ನೀರಾಡಿತು. ಅದೇ ಕಣ್ಣಲ್ಲಿ ಲ್ಯಾಪ್‌ಟಾಪಿನಲ್ಲಿ ಗುಂಪು ತೆರೆದ.

ನಿಜ. ಎಲ್ಲಕ್ಕಿಂತ ಮೇಲೆ ಅವನ ಹೆಸರೇ ಇತ್ತು. ಅದರ ಕೆಳಗೆ ಮೇಡಂ ಬರೆದಿದ್ದರು: "ಸರ್ಕ್ಯೂಟ್ ಡಯಾಗ್ರಮ್ ಹೇಗೆ ಬರೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಸರ್ವಿಸಿನಲ್ಲೇ ನೋಡಿಲ್ಲ. ಹೊಸಬರೆಲ್ಲ ಮೊದಲು ಇದನ್ನು ನೋಡಿ. ಅದಕ್ಕೇ ಪಿನ್ ಮಾಡಿದ್ದೇನೆ."

ಲಿಂಕ್ ಒತ್ತಿದ. ಚಿತ್ರ ಅವನದೇ, ಆದರೆ ಹೆತ್ತವನಿಗೇ ಗುರುತು ಸಿಗದಂತಿತ್ತು. ಅಂಕುಡೊಂಕು ಗೆರೆಯ ರೆಸಿಸ್ಟರುಗಳು ಚೌಕದ ಡಬ್ಬಿಗಳಾಗಿದ್ದವು. ಮೋಟಾರನ್ನು ಆನ್-ಆಫ್ ಮಾಡುವ ರಿಲೇ ಇದ್ದ ಜಾಗದಲ್ಲಿ ಮೊಬೈಲ್ ಚಾರ್ಜರು ಬಂದಿತ್ತು. ಟ್ಯಾಂಕು ಒಂದು ಮೂಲೆಗೆ, ಸಂಪು ಇನ್ನೊಂದು ಮೂಲೆಗೆ ಓಡಿ, ನಡುವೆ ವೈರುಗಳೆಲ್ಲ ಶಾವಿಗೆಯಂತೆ ಸಿಕ್ಕಾಗಿದ್ದವು. ತುದಿಯಲ್ಲಿ ಅಂದವಾಗಿ 'ಶ್ರೀ' ಎಂದು ಬರೆದಿತ್ತು.

"ರೀ, ಶ್ರೀಕಾರ ನಂದೇ" ಎಂದಳು ಹೇಮಶ್ರೀ ನಾಚಿಕೊಂಡು.

"ರೆಸಿಸ್ಟರ್ ನಾನು ಸರಿ ಮಾಡ್ದೆ. ನಮ್ಮ ಫ್ಯಾಕ್ಟ್ರೀಲಿ ಹಂಗೇರಿ ಬರೀತಿದ್ದಿದ್ದು" ಎಂದರು ಮುತ್ತುರಾಜ್.

"ರಿಲೇ ಸೌಂಡ್ ಮಾಡ್ತಿತ್ತು ಭಾಯ್, ನಾನ್ ತೆಗ್ದೆ" ಎಂದಿತು ಇನ್ನೂ ಕಿವಿಗೇ ಇದ್ದ ಫೋನು.

ಅಂಜನಮೂರ್ತಿ ಬಾಯಿ ತೆರೆದ. ಚಿಕ್ಕಮುನಿಯಮ್ಮ ಆ ಬಾಯಿಗೆ ದೊಡ್ಡದೊಂದು ಮೈಸೂರುಪಾಕು ತುರುಕಿ, ಬೆನ್ನು ತಟ್ಟಿದಳು.

"ಸಂಪು ಈಶಾನ್ಯಕ್ಕೆ, ಟ್ಯಾಂಕು ನೈರುತ್ಯಕ್ಕೆ ಇರ್ಬೇಕು ಕಣಪ್ಪಾ. ನೀನು ಉಲ್ಟಾ ಹಾಕಿದ್ದೆ. ನಾನು ವಾಸ್ತು ಸರಿ ಮಾಡ್ದೆ ನೋಡು, ಸಂಜೆಗೆಲ್ಲ ಮೇಲಕ್ ಬಂದ್ಬಿಟ್ಟೆ!"