ಅವ್ವ ರಸ್ತೆ ದಾಟಿದ್ದು

ರಸ್ತೆಗೆ ಹತ್ತಿಕೊಂಡೇ ಮನೆ ಇದ್ದವರಿಗೆ ಇಂಥವು ತಪ್ಪುವುದಿಲ್ಲ. ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಣಮಪ್ಪನ ಗುಡಿಯ ಪೂಜಾರಿಗಳು.

"ನಿಮ್ಮ ಅವ್ವ ಮನ್ಯಾಗ ಏನರ ಹೇಳ್ಯಾಳೇನ್ರಿ?" ಎಂದು ಕೇಳಿದರು.

"ಇಲ್ಲರಿ, ಏನು?"

"ಆಕಿನ ಹೇಳಿಲ್ಲಂದ್ರ ನಾನೂ ಹೇಳಾಂಗಿಲ್ಲ ಬಿಡ್ರಿ," ಎಂದರು. ಎಂದವರು ನಿಂತ ಕಾಲ ಮೇಲೆ ಎಲ್ಲವನ್ನೂ ಹೇಳಿದರು. ಐನಾಪುರದ ಕಡೆಯಿಂದ ಬಂದ ಕಬ್ಬಿನ ಟ್ರ್ಯಾಕ್ಟರೊಂದು ಮುಂಜಾನೆ ಅವ್ವನ ಸೆರಗಿಗೆ ತಾಗಿಕೊಂಡೇ ಹೋಗಿತ್ತು.

ಅವ್ವನಿಗೆ ಎಂಬತ್ತರ ಮೇಲಾಗಿದೆ. ನಮ್ಮ ಮನೆ ರಸ್ತೆಯ ಈ ಕಡೆ, ಹಣಮಪ್ಪ ಆ ಕಡೆ. ಅವನ ಮುಖ ನೋಡದೆ ಆಕೆ ಬಾಯಿಗೆ ನೀರು ಸಹ ಹಾಕುವುದಿಲ್ಲ. "ಕಬ್ಬಿನ ಹಂಗಾಮ ಮುಗಿಯೂತನಕ ಮನ್ಯಾಗ ಕೈ ಮುಗಿ, ಅವ್ವಾ" ಎಂದೆ. "ಆತು, ಹಂಗಾಮ ಮುಗಿಯೂತನಕ ಉಪವಾಸ ಇರತೀನಿ" ಎಂದಳು. ಅಂದಿನಿಂದ ಆ ರಸ್ತೆ ನನ್ನ ಚಿಂತೆಯಾಯಿತು.

೧. ಇಪ್ಪತ್ತರ ಬೋರ್ಡು

ಪಂಚಾಯ್ತಿಗೂ ರಸ್ತೆ ಇಲಾಖೆಗೂ ಅರ್ಜಿ ಕೊಟ್ಟೆ. ಊರ ಎರಡೂ ಬದಿಗೆ ವೇಗ ಮಿತಿ ಇಪ್ಪತ್ತು ಎಂಬ ಬೋರ್ಡುಗಳು ನಿಂತವು. ಟ್ರ್ಯಾಕ್ಟರುಗಳು ಅವನ್ನೂ ಅಲುಗಾಡಿಸಿಕೊಂಡು ಓಡಿದವು. ನಮ್ಮ ಓಣಿಯವನೇ ಆದ ಒಬ್ಬ ಡ್ರೈವರನನ್ನು ನಿಲ್ಲಿಸಿ ಕೇಳಿದೆ.

"ಬೋರ್ಡ್ ನೋಡೀಯೇನಪಾ?"

"ನೋಡೇನ್ರಿ ಕಾಕಾ. ಆದರ ನನ್ನ ಗಾಡಿ ಮೀಟರ್ ಕೆಟ್ಟು ಮೂರ ಹಂಗಾಮ ಆತು. ಇಪ್ಪತ್ತು ಅಂತ ಹೆಂಗ ತಿಳೀಬೇಕು?"

ಪ್ರಾಮಾಣಿಕ ಹುಡುಗ. ತಾನೇ ಒಂದು ದಾರಿ ಹುಡುಕಿದ. ಟ್ರ್ಯಾಕ್ಟರಿನಲ್ಲಿ ಎರಡು ದೊಡ್ಡ ಸ್ಪೀಕರ್ ಇದ್ದವು. ಊರ ಅಗಸಿ ಬಾಗಿಲಲ್ಲಿ ಹಾಡು ಹಚ್ಚುವುದು, ಊರಾಚೆಯ ನೀರಿನ ಟಾಕಿ ಮುಟ್ಟುವುದರೊಳಗೆ ಹಾಡು ಪೂರ್ತಿ ಮುಗಿದಿದ್ದರೆ ಗಾಡಿ ಸಾವಕಾಶ ಹೋಗಿದೆ ಎಂದು ಲೆಕ್ಕ. ಹಾಗೆಯೇ ನಡೆದುಕೊಂಡ.

ಎಂಟು ದಿನಕ್ಕೆ ಟಾಕಿ ಹತ್ತಿರದ ಹೆಣ್ಣುಮಗಳೊಬ್ಬಳು ನಮ್ಮ ಬಾಗಿಲಿಗೆ ಬಂದಳು. "ಕಾಕಾ, ಮೊದಲ ಎರಡ ಸಾಲಿನ್ಯಾಗ ಹೋಗಿಬಿಡ್ತಿದ್ದ. ಈಗ ದಿನಾ ಇಡೀ ಹಾಡ ಕೇಳಬೇಕಾಗೈತಿ. ನಿಮಗ ಪುಣ್ಯ ಬರತೈತಿ, ಆ ಬೋರ್ಡ್ ತಗಸ್ರಿ!"

೨. ಮಾಸ್ತರರ ಕಾರು

ಉಳಿದ ಡ್ರೈವರುಗಳು ವೇಗ ತಗ್ಗಿಸಲಿಲ್ಲ. ಆಗ ನೆರೆಮನೆಯ ನಿವೃತ್ತ ಮಾಸ್ತರರು, "ಅವ್ವನ್ನ ನನ್ನ ಕಾರಿನ್ಯಾಗ ದಾಟಸೋಣ" ಎಂದರು. ಮಾಸ್ತರರು ನಿಯಮದ ಮನುಷ್ಯ. ನಡುರಸ್ತೆಯಲ್ಲಿ ಕಾರು ತಿರುಗಿಸುವುದು ತಪ್ಪು ಎಂದು ಬಸ್ ಸ್ಟ್ಯಾಂಡಿನ ತನಕ ಹೋಗಿ, ಅಲ್ಲಿ ತಿರುಗಿಸಿಕೊಂಡು ಬರಬೇಕು ಎಂದರು. ಇಪ್ಪತ್ತು ಹೆಜ್ಜೆಯ ದಾರಿ ಎರಡು ಕಿಲೋಮೀಟರ್ ಆಯಿತು.

ಅವರು ಭಕ್ತರೂ ಹೌದು. ಲಕ್ಷ್ಮಿಯ ಗುಡಿ ಕಂಡಿತು, ಎರಡೂ ಕೈ ಎತ್ತಿ ಮುಗಿದರು. ಬಸವಣ್ಣನ ಗುಡಿ ಕಂಡಿತು, ಮತ್ತೆ ಮುಗಿದರು. ಹಿಂದೆ ಅವ್ವನ ಬದಿಗೆ ಕುಳಿತಿದ್ದ ಮಾಸ್ತರರ ಹೆಂಡತಿ ಮಿರಜ ಕಡೆಯವರು. "ಅಹೋ, ಹಾತ ಸೋಡೂ ನಕಾ! ಕೈ ಬಿಡಬ್ಯಾಡ್ರಿ!" ಎಂದು ಎರಡೂ ಭಾಷೆಯಲ್ಲಿ ಕೂಗಿದರು.

"ಅಂಜಬ್ಯಾಡ, ದೇವರು ಹಿಡಕೊಂಡಾನ" ಎಂದರು ಮಾಸ್ತರರು.

"ದೇವರ ಕಡೆ ಲೈಸೆನ್ಸ್ ಐತೇನ್ರಿ?"

ನಾವು ಮುಟ್ಟುವ ಹೊತ್ತಿಗೆ ಮಂಗಳಾರತಿ ಮುಗಿದಿತ್ತು. ಅವ್ವ ಮರುದಿನದಿಂದ ಕಾರು ಹತ್ತಲಿಲ್ಲ.

೩. ಹುರುಳಿಯ ನಾಲ್ಕು ದಿನ

ಮುಂದೆ ನಾಲ್ಕು ದಿನ ಅವ್ವ ನಿಶ್ಚಿಂತೆಯಿಂದ ದಾಟಿದಳು. ಹುರುಳಿ ಕಿತ್ತಿದ್ದ ಮಂದಿ, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಗಿಡಗಳನ್ನು ರಸ್ತೆ ತುಂಬ ಹಾಸಿದ್ದರು. ಗಾಲಿ ಜಾರುವ ಅಂಜಿಕೆಗೆ ಎಲ್ಲರೂ ಮೆಲ್ಲಗೆ ಬರುತ್ತಿದ್ದರು. ಆದರೆ ಒಬ್ಬ ಬೈಕಿನವನು ಜಾರಿ ಬಿದ್ದ. ಮೊಣಕಾಲು ತರಚಿದ್ದಕ್ಕೇ ಮುಗಿದದ್ದು ಹಣಮಪ್ಪನ ದಯೆ. ನನಗೂ ಅದು ಸರಿ ಕಾಣಲಿಲ್ಲ.

ಪೊಲೀಸ್ ಜೀಪು ಬಂತು. "ರಸ್ತಾ ಏನ ನಿಮ್ಮ ಕಣಾ ಏನ್ರೋ? ಈಗಿಂದೀಗ ತಗೀರಿ!" ಎಂದು ಸಾಹೇಬರು ಗದರಿಸಿದರು.

ಹುರುಳಿಯ ಯಜಮಾನ ಕೈ ಮುಗಿದ. "ತಗೀತೀವ್ರಿ ಸಾಹೇಬ್ರ. ಕಾಳು ಬಿಟ್ಟಾವು, ಇನ್ನ ಸ್ವಲ್ಪ ಉಳದೈತಿ. ನಿಮ್ಮ ಜೀಪು ಎರಡ ಸಲ ಹಿಂದ ಮುಂದ ಮಾಡಿದ್ರ ಮುಗದ ಹೋಗತೈತ್ರಿ."

೪. ವಿಮಾನ ಬರುವ ಸುದ್ದಿ

ಮುಂದಿನ ವಾರ ಇಬ್ಬರು ಬಂದು ಮೂರು ಕಾಲಿನ ದುರ್ಬೀನು ಹೂಡಿ ರಸ್ತೆ ಅಳೆಯತೊಡಗಿದರು. ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ: ನಮ್ಮ ಹೊಲಗಳಲ್ಲಿ ವಿಮಾನ ನಿಲ್ದಾಣ ಆಗುತ್ತದೆ!

ಸಂಜೆ ಗುಡಿಯ ಕಟ್ಟೆಗೆ ಮಂದಿ ಕೂಡಿದರು. "ನಮ್ಮ ಒಣದ್ರಾಕ್ಷಿ ಮ್ಯಾಲ ಧೂಳ ಬಿದ್ದರ ಯಾರ ತಗೋತಾರ?" ಎಂದ ದ್ರಾಕ್ಷಿ ತೋಟದವನು. "ಟ್ರ್ಯಾಕ್ಟರಿನ ಹಾಡಿಗೇ ನಮ್ಮ ಎಮ್ಮಿ ಹಾಲ ಕೊಡವಲ್ದು, ವಿಮಾನ ಬಂದ್ರ ಹಗ್ಗಾನ ಹರೀತೈತಿ" ಎಂದ ಇನ್ನೊಬ್ಬ. ಹಿಂದಿನಿಂದ ಒಬ್ಬ ಮುದುಕಿ ಎದ್ದಳು. "ನಮ್ಮ ಬಚ್ಚಲಕ್ಕ ಸುತ್ತ ಗ್ವಾಡಿ ಐತಿ, ಮ್ಯಾಲ ತಗಡ ಇಲ್ಲ. ವಿಮಾನದಾಗ ಕುಂತವರು ಕೆಳಗ ನೋಡಾಂಗಿಲ್ಲೇನ?"

ಗಂಡಸರೆಲ್ಲ ನೆಲ ನೋಡಿದರು. ನನ್ನ ಅಕ್ಷರ ಚಂದ ಎಂದು ಅರ್ಜಿ ಬರೆಯುವ ಕೆಲಸ ನನಗೇ ಬಂತು. ಬಚ್ಚಲಿನ ಮಾತನ್ನೇ ಮೊದಲು ಬರೆದೆ. ಎಲ್ಲರೂ ಸಹಿ ಮಾಡಿದರು.

ಮರುದಿನ ಊರಿಗೆ ಊರೇ ಹೋಗಿ ಆ ಇಬ್ಬರನ್ನು ಸುತ್ತುವರಿಯಿತು. ಅವರಲ್ಲಿ ಹಿರಿಯವನು ಅರ್ಜಿ ಓದಿದ. ಬೆವರು ಒರೆಸಿಕೊಂಡ. "ನಾವು ವಿಮಾನದವರಲ್ರೀ. ಇಲ್ಲಿ ಹಂಪ್ ಹಾಕಾಕ ಅಳತಿ ಮಾಡಾಕತ್ತೀವಿ. ತಮ್ಮ ಅವ್ವಗ ರಸ್ತಾ ದಾಟಾಕ ಆಗವಲ್ದು ಅಂತ ಯಾರೋ ಅರ್ಜಿ ಕೊಟ್ಟಾರ" ಎಂದು ಚೀಲದಿಂದ ಇನ್ನೊಂದು ಹಾಳೆ ತೆಗೆದ. ಎರಡನ್ನೂ ಜೋಡಿಸಿ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಎರಡರದೂ ಅಕ್ಷರ ಒಂದ ಐತಲ್ರಿ, ಹಿರಿಯಾರ?"

ಅಂದು ದುರ್ಬೀನು ಮಡಚಿಕೊಂಡು ಹೋದವರು ತಿರುಗಿ ಬಂದಿಲ್ಲ.

೫. ತಂಬಿಗೆ

"ನೀ ಅರ್ಜಿ ಬರದದ್ದು ಸಾಕು" ಎಂದಳು ಅವ್ವ. ಮರುದಿನ ಮುಂಜಾನೆ ಜಳಕ ಮಾಡಿ, ಅಭಿಷೇಕದ ನೀರಿನ ತಾಮ್ರದ ತಂಬಿಗೆಯನ್ನು ಮುಂದಕ್ಕೆ ಚಾಚಿ ಹಿಡಿದು ರಸ್ತೆಯ ಅಂಚಿಗೆ ನಿಂತಳು.

ಕಬ್ಬಿನ ಟ್ರ್ಯಾಕ್ಟರು ಬಂತು. ಹಣಮಪ್ಪನ ತೀರ್ಥ ಎಂದು ತಿಳಿದ ಡ್ರೈವರ್ ದೂರದಲ್ಲೇ ನಿಲ್ಲಿಸಿದ. ಇಳಿದು, ಚಪ್ಪಲಿ ಬಿಟ್ಟು, ಬಲಗೈ ಗುಳಿ ಮಾಡಿ ಚಾಚಿದ.

"ತಡಿಯಪಾ, ಇದು ಬರೇ ನೀರು. ದೇವರಿಗೆ ಹಾಕಿಸಿ ತರತೀನಿ" ಎಂದು ಅವ್ವ ದಾಟಿ ಗುಡಿಗೆ ಹೋದಳು.

ಹಣಮಪ್ಪನ ಎದುರು ಚಾಚಿದ ಕೈಯನ್ನು ಬರಿದಾಗಿ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಯಾವ ಡ್ರೈವರನಿಗಿದೆ? ಅವನು ನಿಂತ. ಅವನ ಹಿಂದೆ ಬಸ್ಸು ನಿಂತಿತು, ಬಸ್ಸಿನ ಹಿಂದೆ ಹಾಲಿನ ಗಾಡಿ. ಅವ್ವ ಪೂಜೆ ಮುಗಿಸಿ ಬರುವಾಗ ಏಳೆಂಟು ಜನ ಬರಿಗಾಲಲ್ಲಿ ಸಾಲಾಗಿದ್ದರು. ಈಗ ದಿನಾ ಹೀಗೆಯೇ. ಗಾಡಿಗಳು ಮುಂದೆ ಹೋಗುವುದಿಲ್ಲ ಎಂದು ಅರ್ಜಿ ಬರೆಸಿಕೊಳ್ಳಲು ಊರವರು ನನ್ನ ಬಳಿ ಬಂದರು. ಕೈ ಮುಗಿದು ಕಳಿಸಿದೆ.

ಮೊನ್ನೆ ಕಾರಿನವನೊಬ್ಬ ಗಾಜು ಇಳಿಸಿ ಮರಾಠಿಯಲ್ಲಿ, "ಆಜೀ, ಫಾರ ಘಾಈ ಆಹೆ" ಎಂದ. ಬಹಳ ಗಡಿಬಿಡಿ ಇದೆಯಂತೆ.

ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾದ್ರ ನೀ ಎರಡ ಸಲ ತಗೋ, ತಮ್ಮಾ. ಗಡಿಬಿಡಿ ಇದ್ದವರನ್ನ ಕಾಯೂದು ಹಣಮಪ್ಪಗ ಭಾಳ ತ್ರಾಸ ಆಗತೈತಿ."

ಅವನು ಇಳಿದ, ಎರಡು ಸಲ ತೆಗೆದುಕೊಂಡ, ಸಾವಕಾಶ ಹೋದ. ಗಾಡಿ ಓಡಿಸುವವರು ನಿಮ್ಮ ಮನೆಯಲ್ಲಿಯೂ ಇದ್ದಾರು. ಅವ್ವನ ಈ ಮಾತನ್ನು ಅವರ ಕಿವಿಗೆ ಹಾಕಿರಿ, ಅವರು ಮುಂದಿನವರಿಗೆ ಹೇಳಲಿ.