ಗುಡುಗಪ್ಪನ ಜೀವ ಇದ್ದ ರೊಟ್ಟಿ

ಹಾಂ, ಕತೆ ಎಲ್ಲಿಗೆ ಬಂದಿತ್ತು? ರಾಕ್ಷಸನ ಜೀವದ ಹತ್ತಿರ. ಕೂತುಕೊ ಮಗಾ, ಚಹಾ ಬರುತ್ತದೆ. ನನ್ನ ಕಾಲದಲ್ಲಿ ರಾಕ್ಷಸರ ಜೀವ ಏಳು ಸಮುದ್ರದಾಚೆ ಗಿಳಿಯಲ್ಲಿರುತ್ತಿತ್ತು. ಈಗ ವಾಡಿ ಊರಿನ ನಮ್ಮ ಅಡುಗೆಮನೆಗೇ ಬಂದುಬಿಟ್ಟಿದೆ! ತಂದವಳು ನನ್ನ ಸೊಸೆ ದಾನೇಶ್ವರಿ.

ನಮ್ಮ ದಾನಿ ಮಾಯಾಲೋಕದ ಕಾದಂಬರಿ ಬರೆಯುತ್ತಾಳೆ. ಹಾರುವ ಕೋಟೆ, ಮಾತಾಡುವ ಬೆಟ್ಟ, ಎಲ್ಲ ಅವಳ ತಲೆಯಲ್ಲೇ. ಸೊಂಟದಲ್ಲಿ ನಾಲ್ಕು ವರ್ಷದ ಸೂರ್ಯಕಾಂತ, ಸೆರಗಿಗೆ ಜೋತುಬಿದ್ದ ಆರರ ಮಗಳು ಪ್ರೀತಿ. ಬರೆಯುವುದು ಯಾವಾಗ, ಉಣಿಸುವುದು ಯಾವಾಗ? ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಬರೆದದ್ದನ್ನೆಲ್ಲ ಊಟದ ಹೊತ್ತಿಗೆ ಮಕ್ಕಳಿಗೆ ಹೇಳುವುದು. ಬೆರಗಾಗಿ ಬಾಯಿ ತೆರೆದ ಕೂಡಲೇ ತುತ್ತು ತುರುಕುವುದು!

ಆ ದಿನ ಬೆಳಿಗ್ಗೆ ಕಲಬುರಗಿಯ ಪ್ರಕಾಶಕರು ಫೋನ್ ಮಾಡಿ, ಕೊನೆಯ ಅಧ್ಯಾಯ ಸಂಜೆಯೊಳಗೆ ಬರದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೇ ಎಂದರು. ದಾನಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತಿ, ಇವತ್ತ ರಾಕ್ಷಸನೂ ಖತಮ್, ಕಾದಂಬರಿನೂ ಖತಮ್! ಅವನ ಜೀವ ಒಂದ್ ಜ್ವಾಳದ ರೊಟ್ಟ್ಯಾಗ ಇಟ್ಟೀನಿ. ಇಂಥಾದ್ದು ಜಗತ್ತಿನ್ಯಾಗ ಯಾರಿಗೂ ಹೊಳದಿಲ್ಲ!"

"ಹೊಳದಿಲ್ಲಂದ್ರ ಏನಾರ ಕಾರಣ ಇರಬೇಕವ್ವ" ಎಂದೆ. ಬರೆಯುವವರು ಅತ್ತೆಯ ಮಾತು ಎಲ್ಲಿ ಕೇಳುತ್ತಾರೆ!

ಬುಟ್ಟಿ ತುಂಬ ಖಡಕ್ ರೊಟ್ಟಿ ಬಡಿದಿಟ್ಟು, ಮಧ್ಯಾಹ್ನ ಮಕ್ಕಳ ತಟ್ಟೆಯ ಮುಂದೆ ಕೂತಳು. ರಾಕ್ಷಸನ ಹೆಸರು ಗುಡುಗಪ್ಪ. ಅವನು ಸೀನಿದರೆ ಗುಡ್ಡಗಳೇ ಹಾರುತ್ತವೆ. ಮಕ್ಕಳಿಗಂತೂ ಅವನೆಂದರೆ ಪ್ರಾಣ.

"ರಾಜಕುಮಾರ ರೊಟ್ಟಿ ಮುರದ, ಕಟುಂ ಕಟುಂ ತಿಂದ, ಗುಡುಗಪ್ಪ ಧೊಪ್!"

ತೆರೆದಿದ್ದ ಎರಡೂ ಬಾಯಿ ಟಪ್ಪೆಂದು ಮುಚ್ಚಿದವು. ಪ್ರೀತಿ ತನ್ನ ತಟ್ಟೆಯನ್ನೇ ದಿಟ್ಟಿಸಿದಳು.

"ಅವ್ವಾ, ಯಾವ ರೊಟ್ಟ್ಯಾಗ ಇತ್ತು ಜೀವ?"

"ಯಾವುದ್ರಾಗಾರ ಇರಬೋದು. ಯಾರಿಗೂ ಗೊತ್ತಿಲ್ಲ, ಅದೇ ಮಜಾ!" ಎಂದವಳೇ ದಾನಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಮನೆಯೆಲ್ಲ ನಿಶ್ಶಬ್ದ. ನನ್ನ ಮಕ್ಕಳು ಎಷ್ಟು ಶಾಣ್ಯಾ ಆದರಪ್ಪ ಎಂದು ಅವಳು ಹಿಗ್ಗಿ ಹಿಗ್ಗಿ ಬರೆದಳು. ಕೆಲಸ ಮುಗಿಸಿ ಬಂದ ನನ್ನ ಮಗ ಶಾಂತಕುಮಾರ ಬಾಗಿಲು ಬಡಿದಾಗಲೇ ಎಚ್ಚರ.

"ಏ ದಾನಿ, ಬುಟ್ಟಿ ಖಾಲಿ ಅದಲ್ಲ! ನನಗ ಕಾದಂಬರಿ ಬಡಸ್ತೀ ಏನು?"

"ತುಂಬಿ ಇಟ್ಟೀನ್ರೀ! ಸರಿಯಾಗಿ ನೋಡ್ರಿ!"

"ನೋಡೀನಿ. ಬುಟ್ಟಿ ಅದ. ರೊಟ್ಟಿ ಇಲ್ಲ."

ಬೇಸತ್ತು ಅವನು ಹಾಸಿಗೆಗೆ ಒರಗಿದ. ದಿಂಬು 'ಕಟುಂ' ಎಂದಿತು!

"ಅಪ್ಪಾ, ಗುಡುಗಪ್ಪನ್ನ ಮುರದೀ!" ಪ್ರೀತಿ ಚೀರಿದಳು.

ಆಮೇಲೆ ಕೂಲರಿನೊಳಗಿಂದ, ಟ್ರಂಕಿನ ಹಿಂದಿನಿಂದ, ನನ್ನ ಇಸ್ತ್ರಿ ಸೀರೆಯ ಮಡಿಕೆಯಿಂದ ರೊಟ್ಟಿಗಳು ಹೊರಬಿದ್ದವು. ಅಷ್ಟರಲ್ಲಿ ಪಕ್ಕದ ಮನೆಯ ತಸ್ಲೀಮ್ ಏದುಸಿರು ಬಿಡುತ್ತ ಬಂದಳು.

"ಭಾಬಿ, ನಿಮ್ಮ ಪ್ರೀತಿ ನಮ್ಮ ಮುಕ್ರಮಗ ಏನ್ ಹೇಳ್ಯಾಳ್ರಿ? ಮನ್ಯಾಗಿನ ರೊಟ್ಟಿ ಎಲ್ಲಾ ಹೊತ್ಕೊಂಡು ಮಾಳಗಿ ಮ್ಯಾಲ ಪಹರಾ ಕುಂತಾನ! ಇಳಿ ಅಂದ್ರ, 'ಜಾನ್ ಕಾ ಸವಾಲ್ ಹೈ ಅಮ್ಮಿ, ಜೀವದ ಪ್ರಶ್ನಿ' ಅಂತಾನ!"

ಪ್ರೀತಿಗೆ ಎರಡೇಟು ಬೀಳುವುದರಲ್ಲಿತ್ತು. ಆಗ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ ಸೂರ್ಯ ದಾನಿಯ ಕಣ್ಣಿಗೆ ಬಿದ್ದ. ಪುಟ್ಟ ಮುಖ ಬಾಡಿತ್ತು.

"ಹಸಿವಿ ಆಗ್ಯಾದವ್ವಾ. ತಿಂದ್ರ ಗುಡುಗಪ್ಪ ಸಾಯ್ತಾನ."

"ಅನ್ನ ಉಣ್ಣು ನನ್ನ ಬಂಗಾರ."

"ಜೀವ ಅನ್ನದಾಗ ಹೋಗಿ ಅಡಗಿದ್ರ?"

ಹಾರುವ ಕೋಟೆ ಕಟ್ಟಿದವಳು ಅನ್ನದ ಪಾತ್ರೆಯ ಮುಚ್ಚಳ ತೆಗೆದು ತಾನೇ ಒಳಗೆ ಇಣುಕಿದಳು! ಅದೇ ಹೊತ್ತಿಗೆ ಪ್ರಕಾಶಕರ ಫೋನು.

"ಮುಗೀತೇನ್ರಿ ಅಮ್ಮಾರ?"

"ಮುಗದಂಗೇ ರೀ ಸರ್. ಇನ್ನಾ ಸ್ವಲ್ಪ ಉಸಿರಾಡ್ಲಿಕತ್ತಾನ!"

ಫೋನ್ ಇಟ್ಟು, ಫರಸಿಯ ನೆಲದ ಮೇಲೆ ಕೂತು, ಮಗನನ್ನು ತೊಡೆಗೆಳೆದುಕೊಂಡು ದಾನಿ ಒಂದು ರೊಟ್ಟಿ ಎತ್ತಿಕೊಂಡಳು.

"ಕೇಳ್ರಿಲ್ಲೆ. ರಾಜಕುಮಾರ ರೊಟ್ಟಿ ತಿನ್ನಲಿಲ್ಲ, ಗುಡುಗಪ್ಪನ ಕೈಗೇ ಕೊಟ್ಟ. ಗುಡುಗಪ್ಪ ಶೇಂಗಾ ಹಿಂಡಿ ಚಟ್ನಿ ಹಚ್ಕೊಂಡು ತಾನೇ ತಿಂದ. ಅವನ ಜೀವ ಅವನ ಹೊಟ್ಟಿಗೇ ಹೋತು! 'ಎಷ್ಟ್ ವರ್ಷ ಆಗಿತ್ತೋ ಉಂಡು, ಹಸಿವಿಗೇ ಇಷ್ಟ್ ಸಿಟ್ಟು ಬರ್ತಿತ್ತು ನನಗ' ಅಂದ."

"ಮತ್ತ ಈ ರೊಟ್ಟಿ?"

"ಇವು ಬರೀ ರೊಟ್ಟಿ."

ಸೂರ್ಯ ರೊಟ್ಟಿಯನ್ನು ಕಿವಿಗೆ ಹಿಡಿದು ಅಲುಗಾಡಿಸಿದ. ಆಮೇಲೆ ಬಾಯಿಗಿಟ್ಟ. ಕಟುಂ! ಸದ್ಯ, ಬದುಕಿದೆವು! ತಸ್ಲೀಮ್ ಗೋಡೆಯಾಚೆ ಕೂಗಿ ಹೇಳಿದಳು, ಮುಕ್ರಮನೂ ಕೆಳಗಿಳಿದ.

ದಾನಿ ಅದನ್ನೇ ಬರೆದು ಹೊತ್ತು ಮುಳುಗುವ ಮುಂಚೆ ಕಳಿಸಿದಳು. ಪ್ರಕಾಶಕರು ಓದಿದವರೇ ಮತ್ತೆ ಫೋನ್ ಮಾಡಿದರು.

"ಅಮ್ಮಾರ, ಭಾಳ ಛಲೋ ಬಂದದ ಕಡೀ ಅಧ್ಯಾಯ! ಹ್ಯಾಂಗ ಹೊಳೀತ್ರಿ?"

ದಾನಿ ಕತ್ತು ಎತ್ತರಿಸಿ ಗಂಟಲು ಸರಿಮಾಡಿಕೊಂಡಳು. "ನೋಡ್ರಿ ಸರ್, ಕಲ್ಪನಾಶಕ್ತಿ ಅಂದ್ರ..."

ಪ್ರೀತಿ ಫೋನ್ ಕಸಿದುಕೊಂಡಳು. "ಅಂಕಲ್, ಅವ್ವ ಅವನ್ನ ಸಾಯಸ್ಲಿಕತ್ತಿದ್ಳು. ನಾವಾ ಉಳಿಸೀವಿ!"

ಆಚೆಯಿಂದ ನಗು ಕೇಳಿತು. ನಮ್ಮ ಲೇಖಕಿ ಎದ್ದು ಹೋಗಿ ಹುಡುಗರಿಗೆ ಹಿಂಡಿ ಬಡಿಸಿದಳು.

ಏಳುತ್ತೀಯಾ? ಹಾಗಾದರೆ ಗಿರಣಿಗೆ ಹೋಗಿ ನಮ್ಮ ಜೋಳದ ಹಿಟ್ಟು ತಂದುಕೊಡು ಮಗಾ. ದಾರಿಯಲ್ಲಿ ಓಣಿಯ ಹುಡುಗರು ಚೀಲ ಮುಟ್ಟಿ ಕೇಳಿದರೆ, ಇದರೊಳಗೆ ಯಾರೂ ಇಲ್ಲ ಎಂದು ಹೇಳಿಬಿಡು!