ಶುರುವಾದ ತಾರೀಕು, ಮುಗಿದ ತಾರೀಕು

ತಾರೀಕು ಕೇಳುವ ಕೆಲಸಕ್ಕೆ ಇಳಿದವರಿಗೆ ಪೇಚಾಟ ತಪ್ಪಿದ್ದಲ್ಲ. ನಮ್ಮ ಕಡೆ ಯಾರನ್ನಾದರೂ "ಅದು ಯಾವಾಗ ಆಗಿದ್ದು?" ಅಂತ ಕೇಳಿ ನೋಡಿ, ಮೊದಲು ಕಾಫಿ ಬರುತ್ತದೆ, ಆಮೇಲೆ ಕಥೆ ಬರುತ್ತದೆ, ತಾರೀಕು ಮಾತ್ರ ಬರುವುದಿಲ್ಲ.

ನಾನು ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳನ್ನು ಅಂಗನವಾಡಿಗೆ ಸೇರಿಸಿದ ವರ್ಷ, ಚನ್ನಗಿರಿಯಲ್ಲಿ ಯಾರೋ ಒಂದು ಕೋಣೆ ಬಾಡಿಗೆಗೆ ಹಿಡಿದು, ಸುತ್ತಲಿನ ಹಿರಿಯರ ನೆನಪುಗಳನ್ನು ಕಂಪ್ಯೂಟರಿಗೆ ತುಂಬಿಸಲು ಶುರು ಮಾಡಿದರು. ಕನ್ನಡ ಟೈಪಿಂಗ್ ಬರುತ್ತಿದ್ದುದರಿಂದ ನನ್ನನ್ನೂ ತೆಗೆದುಕೊಂಡರು. ಮೂರು ತಿಂಗಳಾದ ಮೇಲೆ ದೊಡ್ಡ ಮೇಡಂ ಬಂದು ನೋಡುತ್ತಾರೆ, ಒಪ್ಪಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಅಂತ ಮೊದಲೇ ಹೇಳಿದ್ದರು. ಅಂಗನವಾಡಿಯ ಗೋಡೆಗೆ ಅಂಟಿದ ಕೋಣೆ. ಮಗಳು ಅತ್ತರೆ ಕೂತಲ್ಲಿಗೇ ಕೇಳಿಸುತ್ತಿತ್ತು. ಅಂಥ ಕೆಲಸ ನನಗೆ ಇನ್ನೆಲ್ಲಿ ಸಿಗಬೇಕು?

ಕೆಲಸ ಕಷ್ಟದ್ದೇನಲ್ಲ. ಒಂದೊಂದು ಘಟನೆಗೂ ಒಂದೊಂದು ಚುಕ್ಕಿ. ಯಾರದ್ದು, ಯಾವ ಊರು, ಜೊತೆಗೆ ಯಾರಿದ್ದರು ಅಂತ ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯುವುದು. ರಂಗೋಲಿ ಬಂದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಪ್ರತಿ ಚುಕ್ಕಿಗೂ ಎರಡು ಖಾನೆ: ಶುರುವಾದ ತಾರೀಕು, ಮುಗಿದ ತಾರೀಕು. ಆಮೇಲೆ "ಈ ವರ್ಷದಿಂದ ಆ ವರ್ಷದವರೆಗೆ ಏನೇನಾಯಿತು?" ಅಂತ ಕೇಳಿದರೆ ನಡುವಿನ ಚುಕ್ಕಿಗಳೆಲ್ಲ ಹೊಳೆಯುತ್ತವೆ.

ಕಲಿಸಿಕೊಟ್ಟ ಕಂಪ್ಯೂಟರ್ ಸಾರ್ ಮೊದಲ ದಿನವೇ ಹೇಳಿದರು: "ತಾರೀಕಿಲ್ಲದ ಘಟನೆ ಘಟನೆಯೇ ಅಲ್ಲ."

"ಹಂಗಾದ್ರೆ ನಮ್ಮತ್ತೆ ಹುಟ್ಟೇ ಇಲ್ಲ ಸಾರ್. ಇದನ್ನ ಬರೆದು ಸಹಿ ಹಾಕಿ ಕೊಡ್ತೀರಾ?" ಅಂದೆ.

ಒಂದೇ ದಿನ ಹನ್ನೊಂದು ಮದುವೆ

ಮೊದಲು ಹೊನ್ನಾಳಿ ಕಡೆಯ ಒಂದೇ ವರ್ಷದ ಹನ್ನೊಂದು ಮದುವೆಗಳನ್ನು ತುಂಬಿದೆ. ಜನ ವರ್ಷವನ್ನು ಹೇಗೋ ನೆನಪು ಮಾಡಿಕೊಂಡು ಹೇಳಿದರು, ದಿನ ಯಾರಿಗೂ ಗೊತ್ತಿರಲಿಲ್ಲ. ದಿನ ಖಾಲಿ ಬಿಟ್ಟರೆ ಕಂಪ್ಯೂಟರು ತಾನೇ ಜನವರಿ ಒಂದು ಅಂತ ಹಾಕಿಕೊಳ್ಳುತ್ತದೆ ಅನ್ನುವುದು ನನಗೂ ಗೊತ್ತಿರಲಿಲ್ಲ.

ಆ ಮದುವೆಗಳನ್ನು ಮಾಡಿಸಿದ ಹಿರಿಯ ಪುರೋಹಿತರು ಸರಿಯಾಗಿದೆಯಾ ನೋಡಲು ಬಂದರು. ಪರದೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಏನವ್ವಾ ಇದು? ಧನುರ್ಮಾಸದಾಗೆ ನಾನು ಮದುವೆ ಮಾಡಿಸೀನಾ?"

"ನಾನಲ್ಲ ಸ್ವಾಮಿ, ಕಂಪ್ಯೂಟರು ಹಾಕಿದ್ದು."

"ಅದಕ್ಕೆ ಯಾರಾದ್ರೂ ಪಂಚಾಂಗ ತೋರಿಸಿದ್ರಾ?"

ಅಷ್ಟು ಅಂದು, ನನ್ನ ಪಕ್ಕ ಕೂತು ಒಂದೊಂದೇ ಮದುವೆ ಬಿಡಿಸಿದರು. ಇದು ವೈಶಾಖದ್ದು, ಗಾಳಿಗೆ ಚಪ್ಪರ ಹಾರಿ ಪಕ್ಕದ ಓಣಿಯಲ್ಲಿ ಬಿದ್ದಿತ್ತು. ಇದು ಮಾಘದ್ದು, ತಾಳಿ ಕಟ್ಟುವಾಗ ಮದುಮಗಳಿಗೆ ನಗು ತಡೆಯಲಾಗಲಿಲ್ಲ, ಅವಳ ಅಜ್ಜಿ ಬೆನ್ನಿಗೆ ಗುದ್ದಿದಳು. ಅವರು ಹೇಳುವುದನ್ನು ಕೇಳುತ್ತ ಟೈಪ್ ಮಾಡುವುದನ್ನೇ ಮರೆತೆ. ಎಷ್ಟೋ ದಿನದ ಮೇಲೆ ಒಂದು ಮದುವೆಗೆ ಹೋಗಿ ಬಂದಂತಾಯಿತು.

ಹೊರಡುವಾಗ ಬಾಗಿಲಲ್ಲಿ ನಿಂತು ಅಂದರು: "ಒಂದೇ ದಿನ ಹನ್ನೊಂದು ಹೋಳಿಗೆ ಊಟ ಉಂಡಿದ್ರೆ ನನಗಲ್ಲದಿದ್ರೂ ನನ್ನ ಹೊಟ್ಟೆಗೆ ನೆನಪಿರ್ತಿರಲಿಲ್ವಾ?"

ಚಾಪೆ ಜಗಳ

ನ್ಯಾಮತಿಯಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ವಾರಗಿತ್ತಿಯರು. ಬೀದಿಗೆ ಮೊದಲ ಟಿ.ವಿ. ಬಂದ ದಿನ, ಮುಂದಿನ ಸಾಲಿನಲ್ಲಿ ಯಾರು ಚಾಪೆ ಹಾಸಬೇಕು ಅಂತ ಜಗಳವಾಗಿ ಮಾತು ಬಿಟ್ಟವರು. ಟಿ.ವಿ. ಬಂದ ದಿನ ಬೀದಿಗೆಲ್ಲ ನೆನಪಿತ್ತು, ಹಾಗಾಗಿ ಶುರುವಾದ ತಾರೀಕು ಸಿಕ್ಕಿತು. ಮುಗಿದ ತಾರೀಕು ಖಾಲಿ ಬಿಟ್ಟೆ.

ಖಾಲಿ ಬಿಟ್ಟರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇನ್ನೂ ನಡೆಯುತ್ತಿದೆ ಎಂದರ್ಥ. ಅಲ್ಲಿಂದಾಚೆಗೆ ಯಾವ ವರ್ಷ ಕೇಳಿದರೂ ಅದೇ. ಬೋರ್‌ವೆಲ್ ಕೊರೆಸಿದ್ದು, ಚಾಪೆ ಜಗಳ. ಶಾಲೆಗೆ ಹೆಂಚು ಹೊದಿಸಿದ್ದು, ಚಾಪೆ ಜಗಳ.

"ಇದಕ್ಕೊಂದು ಕೊನೆ ತಾರೀಕು ತನ್ನಿ," ಅಂದರು ಸಾರ್, ಏನೋ ಸಂತೆಯಿಂದ ಕೊತ್ತಂಬರಿ ತರಲು ಹೇಳಿದ ಹಾಗೆ.

ಹೋದೆ. ಇಬ್ಬರೂ ಅವರವರ ಕಟ್ಟೆಯ ಮೇಲಿದ್ದರು. ನಡುವೆ ನಿಂತು ಕೇಳಿದೆ: "ನಿಮ್ಮ ಜಗಳ ಯಾವತ್ತು ಮುಗೀತು?"

"ಕೇಳಿದ್ಯೇನೇ ಇವಳ ಮಾತು?" ಅಂದಳು ದೊಡ್ಡವಳು, ಚಿಕ್ಕವಳ ಕಡೆ ತಿರುಗಿ.

"ಕೇಳ್ದೆ ಕಣಕ್ಕಾ. ನಮ್ಮ ಮನೆ ವಿಷ್ಯ ಕೇಳಾಕೆ ಇವಳ್ಯಾರು?"

ಇಬ್ಬರೂ ಸೇರಿ ನನಗೆ ಮಂಗಳಾರತಿ ಮಾಡಿದರು. ಬೈಸಿಕೊಂಡರೂ ಖುಷಿಯಿಂದ ಬಂದು ಅವತ್ತಿನ ತಾರೀಕನ್ನೇ ಹಾಕಿದೆ. ಮರುದಿನ ದೊಡ್ಡವಳ ಫೋನು: "ಅದನ್ನ ಅಳಿಸವ್ವಾ. ನೀನು ಹೋದ ಮೇಲೆ, ನಿನಗೆ ಮೊದಲು ಬೈದಿದ್ದು ಯಾರು ಅಂತ ಮತ್ತೆ ಹತ್ತಿಕೊಂಡೈತೆ."

ಒಂಬತ್ತು ಎಮ್ಮೆಗಳು

ಜಗಳೂರು ಕಡೆಯ ಒಬ್ಬ ಅಜ್ಜಿ ಒಂದು ವರ್ಷವನ್ನೂ ಹೇಳಲಿಲ್ಲ. ಊರಿಗೆ ಬಸ್ಸು ಬಂದದ್ದು ಯಾವಾಗ ಅಂದರೆ "ಗೌರಿ ಎರಡನೇ ಕರು ಹಾಕಿದಾಗ." ಗೌರಿ ಯಾರು? ಎಮ್ಮೆ. ಶಾಲೆ ಶುರುವಾಗಿದ್ದು? "ಮೋಟುಕೊಂಬಿನದು ಹಾಲು ಬತ್ತಿಸಿಕೊಂಡಿತ್ತಲ್ಲ, ಆವಾಗ." ಅಜ್ಜಿ ಬದುಕಿಡೀ ಸಾಕಿದ ಒಂಬತ್ತು ಎಮ್ಮೆಗಳೇ ಅವಳ ಕ್ಯಾಲೆಂಡರು.

"ಅಜ್ಜಿಯನ್ನು ಬಿಟ್ಟುಬಿಡಿ," ಅಂದರು ಸಾರ್.

ನಾನು ಬಿಡಲಿಲ್ಲ. 'ಇದಕ್ಕೆ ಮುಂಚೆ', 'ಇದಾದ ಮೇಲೆ' ಅನ್ನುವ ಎಳೆಗಳಿದ್ದವಲ್ಲ, ಅವುಗಳಿಂದ ಒಂಬತ್ತು ಎಮ್ಮೆಗಳನ್ನೂ ಸಾಲಾಗಿ ಕಟ್ಟಿದೆ. ಬಸ್ಸು ಬಂದ ತಾರೀಕು ಇನ್ನೊಬ್ಬರ ಹಳೇ ಡೈರಿಯಲ್ಲಿ ಸಿಕ್ಕಿತು. ಆ ಒಂದು ಗೂಟಕ್ಕೆ ಗೌರಿಯನ್ನು ಕಟ್ಟಿದ್ದೇ ತಡ, ಕರುಗಳ ಲೆಕ್ಕದಲ್ಲಿ ಹಿಂದಿನ ಮುಂದಿನ ವರ್ಷಗಳೆಲ್ಲ ತಾವಾಗಿ ಬಂದು ನಿಂತವು.

ಸಾರ್ ತಲೆ ಮೇಲೆ ಕೈ ಹೊತ್ತರು. "ಮೇಡಂ ಬರೋದರೊಳಗೆ ಎಮ್ಮೆಗಳನ್ನ ತೆಗೀರಿ. ಇಲ್ಲಾಂದ್ರೆ ಅವುಗಳ ಹಿಂದೆ ನೀವೂ ಹೋಗ್ತೀರಿ."

ಗೋಡೆಯಾಚೆ ಮಗಳು ರಾಗ ತೆಗೆಯುತ್ತಿದ್ದಳು. ಒಂದು ಎಮ್ಮೆ ತೆಗೆದು ನೋಡಿದೆ. ಅದರ ಜೊತೆಗೆ ಆ ಊರಿನ ಶಾಲೆಯೂ ಹೋಯಿತು. ಮತ್ತೆ ತಂದು ಕಟ್ಟಿದೆ.

ಮೇಡಂ ಬಂದರು. ನೆನಪು ಹೇಳಿದವರನ್ನೂ ಕರೆಸಿದ್ದೆವು, ಅಜ್ಜಿ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು. ಶಾಲೆ ಶುರುವಾದಲ್ಲಿಂದ ಬಸ್ಸು ಬರುವವರೆಗೆ ಏನೇನಾಯಿತು ಅಂತ ಮೇಡಂ ಕೇಳಿದರು. ಗುಂಡಿ ಒತ್ತಿದೆ. ಪರದೆ ತುಂಬ ಎಮ್ಮೆ. ಸಾರ್ ಕಿಟಕಿಯ ಹೊರಗೆ ನೋಡತೊಡಗಿದರು.

ಮೇಡಂ ನಡುವಿನ ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲಿ ಯಾಕೆ ಏನೂ ಇಲ್ಲ?"

ಅಜ್ಜಿಯೇ ಹೇಳಿದಳು: "ಆ ವರ್ಷ ನಮ್ಮನೆಯವರು ಹೋದ್ರು. ಕೊಟ್ಟಿಗೆ ಬರಿದಾಗಿತ್ತು. ಆಮೇಲೆ ನಮ್ಮಣ್ಣ ಒಂದು ಕರು ತಂದು ಕಟ್ಟಿದ, ಅಲ್ಲಿಂದ ಮತ್ತೆ ದಿನ ಗೊತ್ತಾಗಾಕೆ ಶುರುವಾಯ್ತು."

ಆ ಮಾತು ಸಾಕು ಅನ್ನಿಸಿತೇನೋ, ಅಜ್ಜಿಯೇ ಮೇಡಂ ಕಡೆ ತಿರುಗಿದಳು. "ನೀವು ಹುಟ್ಟಿದ್ದು ಯಾವಾಗ್ರೀ?"

"ಜೂನ್ ಒಂದು."

"ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದಿದ್ದು. ನಿಮ್ಮವ್ವ ಏನಂತಾಳೆ?"

ಮೇಡಂ ಅಜ್ಜಿಯನ್ನು ನೋಡಿದರು, ಪರದೆ ನೋಡಿದರು, ಎದ್ದು ಮೂಲೆಗೆ ಹೋಗಿ ಫೋನು ಹಚ್ಚಿದರು. ಮೇಲಿನವರಿಗೇ ಫೋನು ಹೋಯಿತು ಅಂತ ನಾನು ಚೀಲ ಎತ್ತಿಕೊಂಡೆ.

"ಅವ್ವಾ," ಅಂದರು ಮೇಡಂ ಮೆತ್ತಗೆ, "ನಾನು ಹುಟ್ಟಿದಾಗ ನಮ್ಮನೇಲಿ ಯಾವ ಎಮ್ಮೆ ಇತ್ತು?"

ಆ ಕಡೆಯಿಂದ ಬಂದ ಮಾತು ಉದ್ದವಾಗಿತ್ತು. ಮೇಡಂ ಮುಖ ಅರಳುತ್ತ ಹೋಯಿತು. ಸಾರ್ ಅವರ ಹತ್ತಿರ ಹೋಗಿ ಪಿಸುಗುಟ್ಟಿದರು: "ಮೇಡಂ, ಎಮ್ಮೆಗಳನ್ನ ಇವತ್ತೇ ತೆಗೆಸ್ತೀನಿ."

ಮೇಡಂ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು: "ಎಮ್ಮೆಗಳೂ ಇರಲಿ, ಇವರೂ ಇರಲಿ. ನೀವು ಮೊದಲು ಹಸುವಿಗೊಂದು ಖಾನೆ ಮಾಡಿ, ನಮ್ಮವ್ವ ಲೈನಲ್ಲಿದಾಳೆ."